ವಿಕಿರಣವೆಂಬ ಒಂದು ಪದ

ಸೊರಬ ಸೀಮೆಯ ನಮ್ಮ ಹಳ್ಳಿಯ ಮನೆಯಲ್ಲಿ ಜಗಲಿಗೂ ನಡುಮನೆಗೂ ನಡುವೆ ಎತ್ತರವಾದ ಒಂದು ಹೊಸ್ತಿಲುಂಟು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ಆ ಹೊಸ್ತಿಲಿನ ಒಳಗೆ ನನ್ನ ಚಿಕ್ಕಮ್ಮನೂ ಹೊರಗೆ ಒಂದೂವರೆ ವರ್ಷದ ನನ್ನ ಮಗಳೂ ಕುಳಿತು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮಗು ತನ್ನ ಪುಟ್ಟ ಹೆಜ್ಜೆಯಲ್ಲಿ ಹೊಸ್ತಿಲು ದಾಟಲು ಹವಣಿಸಿದೊಡನೆ ಚಿಕ್ಕಮ್ಮನೇ "ಬ್ಯಾಡ, ಬ್ಯಾಡ, ಎತ್ಕಳ್ರೋ ಅದನ್ನ" ಎಂದು ಕೂಗುವಳು. ನಾನೋ ನನ್ನ ಹೆಂಡತಿಯೋ ಓಡಿಹೋಗಿ ಎತ್ತಿಕೊಳ್ಳುವೆವು. ಆ ವರ್ಷದ ಬೇಸಗೆಯಲ್ಲಿ ಚಿಕ್ಕಮ್ಮನಿಗೆ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, 'ಕರೆಂಟು ಕೊಡಿಸಿ' ಕರೆತಂದಿದ್ದೆವು.

ಕೆನ್ನೆಯ ಒಳಭಾಗದಲ್ಲಿ ಎದ್ದ ಹುಣ್ಣು ಕ್ಯಾನ್ಸರ್ ಎಂದು ತಿಳಿದಾಗ ವೈದ್ಯರು ಕೋಬಾಲ್ಟ್ ಯಂತ್ರದ ಚಿಕಿತ್ಸೆಯನ್ನು ಹೇಳಿದರು. ವಾರಕ್ಕೆ ಐದು ದಿನದಂತೆ ಆರು ವಾರ. ಪ್ರತಿದಿನವೂ ಕೆಲವೇ ನಿಮಿಷ. ಅದು ಮುಗಿದು ಊರಿಗೆ ಮರಳಿದ ದಿನವೇ ಪಕ್ಕದ ಊರಿನ ಒಬ್ಬಾಕೆ ನೋಡಲು ಬಂದರು. ಹಿಂದೊಮ್ಮೆ ಆಕೆಗೆ ಥೈರಾಯ್ಡ್ ಗ್ರಂಥಿಯ ರೋಗಕ್ಕಾಗಿ ವಿಕಿರಣದ ಔಷಧ ಕುಡಿಸಿ, ಕೆಲವು ದಿನ ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಸೇರಿಸಬಾರದೆಂದು ಹೇಳಿ ಕಳುಹಿಸಿದ್ದರಂತೆ. "ನಿಮಗೂ ವಿಕಿರಣವೇ ಅಲ್ಲವೆ? ಮಗು ಇರುವ ಮನೆ, ಜೋಪಾನ" ಎಂದು ಸದ್ಭಾವದಿಂದಲೇ ಹೇಳಿಹೋದರು. ಅಷ್ಟೇ ಸಾಕಾಯಿತು. ಮರುದಿನದಿಂದ ಚಿಕ್ಕಮ್ಮನ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ.

ಆಸ್ಪತ್ರೆಯಲ್ಲಿ ನಮಗೆ ಯಾರೂ ಏನನ್ನೂ ಬಿಡಿಸಿ ಹೇಳಿರಲಿಲ್ಲ, ನಿಜ. ಆದರೆ ನಾನು ಕೇಳಿಯೂ ಇರಲಿಲ್ಲ. ವಿಕಿರಣವೆಂಬ ಪದದ ವ್ಯುತ್ಪತ್ತಿ ಮಾತ್ರ ನನಗೆ ಬಾಯಿಪಾಠವಾಗಿತ್ತು. ಸಂಸ್ಕೃತದ 'ಕೄ' ಧಾತುವಿಗೆ ಚೆಲ್ಲು, ಎರಚು ಎಂದರ್ಥ. 'ವಿ' ಎಂಬ ಉಪಸರ್ಗ ಸೇರಿ ಸುತ್ತಲೂ ಚೆಲ್ಲುವಿಕೆ ವಿಕಿರಣವಾಯಿತು. ಇದನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಬಲ್ಲ ನಾನು, ಚೆಲ್ಲಿದ್ದು ಏನು ಎಂಬ ಪ್ರಶ್ನೆಯನ್ನು ಎಂದೂ ಹಾಕಿಕೊಂಡವನಲ್ಲ. ಎರಚಿದ್ದು ನೀರೋ ಕೆಸರೋ ಕೆಂಡವೋ ಎಂಬುದನ್ನು ಆ ಪದ ಹೇಳುವುದಿಲ್ಲ. ಆಶ್ವಯುಜ ಮಾಸದಲ್ಲಿ, ವೈಚಾರಿಕ ಗದ್ಯದ ಪಾಠವೊಂದಕ್ಕೆ ಸಿದ್ಧತೆ ನಡೆಸುವಾಗ ಅನುಮಾನ ಬಂದು, ಶಿಕಾರಿಪುರದ ನಮ್ಮ ಕಾಲೇಜಿನ ಭೌತವಿಜ್ಞಾನದ ಮಿತ್ರರನ್ನು ಕೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ವಿಕಿರಣ ಎಂದರೆ ಯಾವುದು ಸ್ವಾಮಿ? ಆಲ್ಫಾವೋ, ಬೀಟಾವೋ, ಗಾಮಾವೋ, ನ್ಯೂಟ್ರಾನೋ? ಮೂಲ ಮೈಯೊಳಗಿದೆಯೋ, ಹೊರಗಿದೆಯೋ? ಅದನ್ನು ಮೊದಲು ಹೇಳಿ" ಎಂದರು. ಆ ಸಂಜೆ ಹುಚ್ಚರಾಯನ ಕೆರೆಯ ಏರಿಯ ಮೇಲೆ ನಡೆಯುತ್ತ ಅವರಿಂದ ಕೇಳಿಕೊಂಡದ್ದನ್ನೂ ಅನಂತರ ನಾನಾಗಿ ಓದಿಕೊಂಡದ್ದನ್ನೂ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

1896ರಲ್ಲಿ ಫ್ರಾನ್ಸಿನ ಹೆನ್ರಿ ಬೆಕೆರೆಲ್, ಕಪ್ಪು ಕಾಗದದಲ್ಲಿ ಸುತ್ತಿಟ್ಟ ಛಾಯಾಚಿತ್ರದ ಫಲಕವನ್ನೂ ಯುರೇನಿಯಮ್ಮಿನ ಲವಣವು ಮಸುಕುಗೊಳಿಸುವುದನ್ನು ಕಂಡನು. ಬಿಸಿಲಿನ ಹಂಗಿಲ್ಲದೆ, ಬೆಂಕಿಯ ಹಂಗಿಲ್ಲದೆ, ಆ ವಸ್ತು ತನ್ನಷ್ಟಕ್ಕೆ ಏನನ್ನೋ ಹೊರಸೂಸುತ್ತಿತ್ತು. ಮೂರು ವರ್ಷಗಳ ಬಳಿಕ, 1899ರಲ್ಲಿ, ಅರ್ನೆಸ್ಟ್ ರುದರ್‌ಫರ್ಡ್ ಈ 'ಏನೋ' ಒಂದಲ್ಲ, ಎರಡು ಎಂದು ತೋರಿಸಿದನು. ತೆಳುವಾದ ಲೋಹದ ಹಾಳೆಗೆ ತಡೆದು ನಿಲ್ಲುವುದಕ್ಕೆ ಆಲ್ಫಾ ಎಂದೂ ಅದನ್ನು ದಾಟಿ ಹೋಗುವುದಕ್ಕೆ ಬೀಟಾ ಎಂದೂ ಗ್ರೀಕ್ ವರ್ಣಮಾಲೆಯ ಮೊದಲೆರಡು ಅಕ್ಷರಗಳನ್ನಿಟ್ಟನು. ಮರುವರ್ಷ ಪೌಲ್ ವಿಲಾರ್ಡ್ ಇವೆರಡಕ್ಕಿಂತಲೂ ಬಹುದೂರ ತೂರಿಹೋಗುವ ಮೂರನೆಯದನ್ನು ಕಂಡನು. ಅದಕ್ಕೆ ಗಾಮಾ ಎಂದು ಹೆಸರಾಯಿತು. ಅಂದರೆ ವಿಜ್ಞಾನಿಗಳು ಮಾಡಿದ ಮೊದಲ ಕೆಲಸವೇ ಒಂದು ಪದವನ್ನು ಒಡೆದು ಮೂರಾಗಿಸಿದ್ದು. ನಾವಾದರೋ ಆ ಮೂರನ್ನೂ ಮತ್ತೆ ಒಂದೇ ಮೂಟೆಯಲ್ಲಿ ಕಟ್ಟಿ, ಮೂಟೆಯನ್ನು ಕಂಡು ಹೆದರುತ್ತಿದ್ದೇವೆ.

ಪರಮಾಣುವಿನ ನಡುವೆ ಪ್ರೋಟಾನು, ನ್ಯೂಟ್ರಾನುಗಳು ಒತ್ತೊತ್ತಾಗಿ ಕೂಡಿದ ಬೀಜವೊಂದುಂಟು. ಕೆಲವು ಬೀಜಗಳಲ್ಲಿ ಈ ಕೂಟ ನೆಮ್ಮದಿಯಾಗಿಲ್ಲ. ಏನನ್ನಾದರೂ ಹೊರಗೆ ಎಸೆದ ಹೊರತು ಅವು ಸ್ಥಿಮಿತಕ್ಕೆ ಬರವು. ಹೀಗೆ ಎಸೆಯುವುದೇ ಬೈಜಿಕ ವಿಕಿರಣ. ಎರಡು ಪ್ರೋಟಾನು, ಎರಡು ನ್ಯೂಟ್ರಾನು ಕೂಡಿದ ಒಂದು ಗಂಟನ್ನೇ ಎಸೆದರೆ ಅದು ಆಲ್ಫಾ. ಅದು ಹೀಲಿಯಂ ಪರಮಾಣುವಿನ ಬೀಜವೇ ಸರಿ. ಬೀಜದೊಳಗಿನ ಒಂದು ನ್ಯೂಟ್ರಾನು ಪ್ರೋಟಾನಾಗಿ ಮಾರ್ಪಟ್ಟು ಒಂದು ಎಲೆಕ್ಟ್ರಾನನ್ನು ಹೊರಗೆ ಅಟ್ಟಿದರೆ ಅದು ಬೀಟಾ. ಕಣವಾವುದೂ ಇಲ್ಲದೆ, ಮಿಕ್ಕ ಶಕ್ತಿಯನ್ನು ಬೆಳಕಿನ ಜಾತಿಯ ಕಿರಣವಾಗಿ ಬಿಟ್ಟರೆ ಅದು ಗಾಮಾ. ಮೊದಲೆರಡರಲ್ಲಿ ಪರಮಾಣುವಿನ ಜಾತಿಯೇ ಬದಲಾಗುತ್ತದೆ. ಮೂರನೆಯದರಲ್ಲಿ ಅದು ಉಸಿರುಬಿಟ್ಟು ಸುಮ್ಮನಾಗುತ್ತದೆ.

ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಯ ತೇರನ್ನು ಕಂಡವರಿಗೆ ಇವುಗಳ ಗುಣ ಬೇಗ ತಿಳಿಯುತ್ತದೆ. ಆಲ್ಫಾ ಎಂಬುದು ಜನಸಂದಣಿಯ ನಡುವಣ ತೇರಿನಂತೆ. ಭಾರ ಹೆಚ್ಚು, ವಿದ್ಯುದಂಶ ಹೆಚ್ಚು. ಹಾದಿಯಲ್ಲಿ ಸಿಕ್ಕವರನ್ನೆಲ್ಲ ತಳ್ಳಾಡಿ ಬಹುಬೇಗ ನಿಂತುಬಿಡುತ್ತದೆ. ಗಾಳಿಯಲ್ಲಿ ಅದರ ಪಯಣ ಕೆಲವೇ ಸೆಂಟಿಮೀಟರು. ಆದರೆ ಅಷ್ಟರೊಳಗೆ ಲಕ್ಷಕ್ಕೂ ಮಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಚೆಲ್ಲಾಡಿರುತ್ತದೆ. ಬೀಟಾ ಎಂಬುದು ಅದೇ ಸಂದಣಿಯಲ್ಲಿ ನುಸುಳಿ ಓಡುವ ಹುಡುಗ. ಅವನು ಗಾಳಿಯಲ್ಲಿ ಕೆಲವು ಮೀಟರು ಓಡಿಯಾನು, ಕೆಲವು ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡಿಗೆ ತಡೆದಾನು. ಗಾಮಾ ಎಂಬುದು ಜಾತ್ರೆಯ ಮೇಲೆ ಹಾರುವ ಹದ್ದು. ಯಾರನ್ನೂ ಸೋಕದೆ ಬಹುದೂರ ಹೋಗಿ, ಎಲ್ಲೋ ಒಂದು ಕಡೆ ಥಟ್ಟನೆ ಎರಗುತ್ತದೆ. ಅದಕ್ಕೆ ಇಲ್ಲಿಗೇ ಕೊನೆ ಎಂಬ ಗಡಿಯಿಲ್ಲ. ಸೀಸದ ಗೋಡೆ ಅದನ್ನು ಪೂರ್ತಿ ತಡೆಯದು, ತೆಳುಗೊಳಿಸುತ್ತದೆ. ಕೋಬಾಲ್ಟ್-60 ಸೂಸುವ ಗಾಮಾವು ಸುಮಾರು ಒಂದೂಕಾಲು ಸೆಂಟಿಮೀಟರು ಸೀಸದಲ್ಲಿ ಅರ್ಧವಾಗುತ್ತದೆ. ಮತ್ತಷ್ಟೇ ಸೀಸದಲ್ಲಿ ಕಾಲುಭಾಗಕ್ಕಿಳಿಯುತ್ತದೆ.

ಹಾಗಾದರೆ ಕಾಗದದ ಹಾಳೆಗೆ ನಿಲ್ಲುವ ಆಲ್ಫಾ ಸಾಧುವೆಂದೂ ಗೋಡೆಯನ್ನು ತೂರುವ ಗಾಮಾ ಕ್ರೂರಿಯೆಂದೂ ತೀರ್ಮಾನಿಸಬಹುದೇ? ಇಲ್ಲಿಯೇ ನನ್ನಂಥವರು ಎಡವುವುದು. ಆಲ್ಫಾ ಹೊರಗಿದ್ದರೆ ನಮ್ಮ ಚರ್ಮದ ಮೇಲಿನ ಸತ್ತ ಪದರವೇ ಅದಕ್ಕೆ ಸಾಕಷ್ಟು ತಡೆ. ಅದನ್ನು ಸೂಸುವ ವಸ್ತು ಉಸಿರಿನೊಡನೆಯೋ ಅನ್ನದೊಡನೆಯೋ ಒಳಹೊಕ್ಕಿತೆಂದರೆ ಕತೆ ಬೇರೆ. ಅಲ್ಲಿ ಸತ್ತ ಪದರವಿಲ್ಲ. ಕೂದಲೆಳೆಯ ದಪ್ಪಕ್ಕೂ ಮೀರದ ಒಂದು ಹಾದಿಯಲ್ಲಿ ತನ್ನ ಶಕ್ತಿಯನ್ನೆಲ್ಲ ಜೀವಂತ ಕಣಗಳ ಮೇಲೆ ಸುರಿದುಬಿಡುತ್ತದೆ. ಆದುದರಿಂದಲೇ ಅಪಾಯವನ್ನು ಅಳೆಯುವವರು, ಒಂದೇ ಪ್ರಮಾಣದ ಶಕ್ತಿಗೆ ಬೀಟಾ, ಗಾಮಾಗಳನ್ನು ಒಂದೆಂದು ಎಣಿಸಿದರೆ ಆಲ್ಫಾವನ್ನು ಇಪ್ಪತ್ತೆಂದು ಎಣಿಸುತ್ತಾರೆ. ಹೊರಗಿನ ಸಾಧುವೇ ಒಳಗೆ ಬಂದಾಗ ಎಲ್ಲರಿಗಿಂತ ಕ್ರೂರಿ.

ಇದು ದೂರದ ಮಾತಲ್ಲ. ಬಂಡೆಗಳಲ್ಲಿ ಅಲ್ಪಸ್ವಲ್ಪ ಯುರೇನಿಯಂ ಇದ್ದೇ ಇರುತ್ತದೆ. ಅದು ತಲೆಮಾರು ತಲೆಮಾರಾಗಿ ಕ್ಷಯಿಸುತ್ತ ರೇಡಿಯಂ ಆಗಿ, ರೇಡಿಯಂ ರೇಡಾನ್ ಎಂಬ ಅನಿಲವಾಗಿ, ನೆಲದ ಬಿರುಕುಗಳಿಂದ ಮೇಲೆದ್ದು ಮನೆಯೊಳಗೆ ಸೇರುತ್ತದೆ. ಅದರ ಅರ್ಧಾಯು ಸುಮಾರು 3.8 ದಿನ, ಅಂದರೆ ಅಷ್ಟರಲ್ಲಿ ಅದರ ಪರಮಾಣುಗಳಲ್ಲಿ ಅರ್ಧ ಕ್ಷಯಿಸಿರುತ್ತವೆ. ಅದೂ, ಅದರ ಸಂತತಿಯ ಕೆಲವು ಧಾತುಗಳೂ ಆಲ್ಫಾ ಸೂಸುವಂಥವು. ಮನುಷ್ಯನಿಗೆ ನಿಸರ್ಗದಿಂದ ತಗಲುವ ವಿಕಿರಣ ಲೋಕದ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ ಎಂದು ಲೆಕ್ಕ. ಅದರ ಅರ್ಧದಷ್ಟು ಈ ರೇಡಾನ್ ಕುಟುಂಬದ್ದೇ. ಗಾಳಿ ಆಡಿದರೆ ಅದು ಚದುರಿಹೋಗುತ್ತದೆ. ಗಾಳಿಕಿಂಡಿಗಳಿದ್ದ ನಮ್ಮ ಹಳೆಯ ಹೆಂಚಿನ ಮನೆಗಳು ಈ ವಿಷಯದಲ್ಲಿ, ಕಿಟಕಿ ಮುಚ್ಚಿ ತಂಪು ಮಾಡಿಕೊಳ್ಳುವ ಹೊಸ ಮನೆಗಳಿಗಿಂತ ಜಾಣತನದವು.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. 1898ರಲ್ಲಿ ಮೇರಿ ಕ್ಯೂರಿ ದಂಪತಿಗಳು ಕಂಡುಹಿಡಿದ ಪೊಲೋನಿಯಂ, ಆಲ್ಫಾ ಸೂಸುವ ಧಾತು. ಹೊಗೆಸೊಪ್ಪಿನ ಎಲೆಯಲ್ಲಿ ಅದರ ಲೇಶ ಇರುತ್ತದೆ. ಬೀಡಿಯ ಹೊಗೆಯೊಡನೆ ಶ್ವಾಸಕೋಶವನ್ನು ಸೇರುತ್ತದೆ. ಹೊಗೆಸೊಪ್ಪಿನ ಮುಖ್ಯ ವಿಷ ಅದರ ರಾಸಾಯನಿಕಗಳಲ್ಲಿದೆ ಎಂಬುದು ನಿಜವೇ. ಪೊಲೋನಿಯಂ ಅದಕ್ಕೆ ಸೇರಿದ ಮೇಲುಕಾಣಿಕೆ. ನಮ್ಮ ತೋಟದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಚಿಕ್ಕಮ್ಮ ನಲವತ್ತು ವರ್ಷ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಮೆದ್ದವಳು. ಕವಳದ ತಬಕನ್ನು ನಮ್ಮ ಮನೆಯಲ್ಲಿ ಯಾರೂ ಹೊಸ್ತಿಲಿನಾಚೆ ಇಟ್ಟವರಲ್ಲ. ಕಾಯಿಲೆಯನ್ನು ಸುಡಬಂದ ಕಿರಣವನ್ನು ಮಾತ್ರ ಆಚೆಗಿಟ್ಟೆವು.

ಬೀಟಾದ ಎರಡು ಮುಖಗಳೂ ನಮ್ಮ ನೆರೆಯಲ್ಲಿಯೇ ಇವೆ. ಶಿಕಾರಿಪುರಕ್ಕೆ ಹೊಂದಿದ ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ, 1965ರಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದರು. ಕಬ್ಬಿಣ ಮೊದಲು ಕಾಣಿಸಿಕೊಳ್ಳುವ ಪದರದ ಇದ್ದಿಲಿನ ಕಾಲವನ್ನು ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅಳೆದಾಗ ಅದು ಕ್ರಿಸ್ತಪೂರ್ವ 1000ದ ಸುಮಾರೆಂದು ತಿಳಿಯಿತು. ಅಳೆದದ್ದು ಬೀಟಾವನ್ನು. ಬದುಕಿರುವ ಮರ ಗಾಳಿಯಿಂದ ಕಾರ್ಬನ್-14ನ್ನು ಪಡೆಯುತ್ತಲೇ ಇರುತ್ತದೆ. ಸತ್ತ ಮೇಲೆ ಪಡೆಯದು. ಇದ್ದದ್ದು ಬೀಟಾ ಕಣ ಬಿಟ್ಟು ಸಾರಜನಕವಾಗುತ್ತ 5730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಉಳಿದದ್ದನ್ನು ಎಣಿಸಿದರೆ ಮರ ಸತ್ತು ಎಷ್ಟು ಕಾಲವಾಯಿತೆಂಬುದು ಗೊತ್ತಾಗುತ್ತದೆ. ಆದರೆ ತಾಳಗುಂದದ ಪ್ರಣವೇಶ್ವರನ ಮುಂದಿನ ಕಂಬದ ಮೇಲೆ ಕುಬ್ಜ ಕವಿಯ ಕಾವ್ಯವನ್ನು ಎಂದು ಕಡೆದರೆಂಬುದನ್ನು ಈ ಉಪಾಯ ಹೇಳಲಾರದು. ಕಲ್ಲು ಎಂದೂ ಉಸಿರಾಡಿದ್ದಲ್ಲ. ಅಲ್ಲಿ ಲಿಪಿಯ ತಿರುವನ್ನು ಓದುವ ನಮ್ಮವರೇ ಬೇಕು. ಯಾವ ಕಿರಣ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದೂ ಅದರ ಗುಣಗಳಲ್ಲೊಂದು.

ಬೀಟಾದ ಇನ್ನೊಂದು ಮುಖ ಕಂಡದ್ದು ಕೈಗಾದಲ್ಲಿ. ಸೊರಬದಿಂದ ನೇರ ಗೆರೆಯೆಳೆದರೆ ಕೈಗಾ ನೂರು ಕಿಲೋಮೀಟರಿಗೂ ಒಳಗೇ ಇದೆ. 2009ರ ನವೆಂಬರಿನಲ್ಲಿ ಆ ಸ್ಥಾವರದ ನೌಕರರು ಕುಡಿಯುವ ನೀರಿನ ಯಂತ್ರವೊಂದರಲ್ಲಿ ಟ್ರಿಟಿಯಂ ಬೆರೆತ ಭಾರಜಲವನ್ನು ಯಾರೋ ಸೇರಿಸಿದ್ದು ತಿಳಿದುಬಂತು; ಐವತ್ತಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಅದು ಕಂಡಿತು. ಟ್ರಿಟಿಯಂ ಎಂದರೆ ಜಲಜನಕದ ಭಾರವಾದ ಸೋದರ. ಅದು ಸೂಸುವ ಬೀಟಾ ಎಷ್ಟು ದುರ್ಬಲವೆಂದರೆ ಚರ್ಮವನ್ನೂ ಭೇದಿಸಲಾರದು. ಬಾಟಲಿಯಲ್ಲಿಟ್ಟರೆ ಗಾಜನ್ನು ದಾಟಲಾರದು. ಆದರೆ ಅದು ನೀರಾಗಿಯೇ ಬಂದು ನೀರಿನಂತೆಯೇ ಮೈಯೆಲ್ಲ ಹರಡಿತು. ಚಿಕಿತ್ಸೆಯೂ ಅಷ್ಟೇ ಸರಳ: ಹೆಚ್ಚು ನೀರು ಕುಡಿಸಿ ಮೂತ್ರ ಹೋಗುವಂತೆ ಮಾಡುವುದು. ಟ್ರಿಟಿಯಮ್ಮಿನ ಅರ್ಧಾಯು ಹನ್ನೆರಡು ವರ್ಷಕ್ಕೂ ಮಿಕ್ಕುದಾದರೂ ಮೈಯೊಳಗಿನ ಅದರ ಅರ್ಧಭಾಗ ಸುಮಾರು ಹತ್ತು ದಿನಗಳಲ್ಲಿ ಹೊರಬೀಳುತ್ತದೆ. ಅಪಾಯ ಇದ್ದದ್ದು ಕಿರಣದ ಬಲದಲ್ಲಲ್ಲ, ಅದು ಹೊಕ್ಕ ಬಾಗಿಲಿನಲ್ಲಿ.

ಕೈಗಾದ ಮಾತು ಬಂದಾಗ ನಾಲ್ಕನೆಯದಾದ ನ್ಯೂಟ್ರಾನನ್ನು ಬಿಡುವಂತಿಲ್ಲ. 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದ ಈ ಕಣಕ್ಕೆ ವಿದ್ಯುದಂಶವಿಲ್ಲ. ಸೀಸದ ಗೋಡೆಯನ್ನು ಅದು ಲೆಕ್ಕಿಸುವುದಿಲ್ಲ. ಗೋಲಿಯಾಡಿದವರಿಗೆ ಕಾರಣ ಗೊತ್ತು: ಗೋಲಿ ಗುಂಡುಕಲ್ಲಿಗೆ ಬಡಿದರೆ ಬಂದ ವೇಗದಲ್ಲೇ ಹಿಂದಕ್ಕೆ ಹಾರುತ್ತದೆ, ತನ್ನಷ್ಟೇ ತೂಕದ ಗೋಲಿಗೆ ಬಡಿದರೆ ನಿಂತುಬಿಡುತ್ತದೆ. ಜಲಜನಕದ ಬೀಜ ನ್ಯೂಟ್ರಾನಿನಷ್ಟೇ ತೂಕದ್ದು. ಆದಕಾರಣ ನ್ಯೂಟ್ರಾನನ್ನು ತಡೆಯಲು ನೀರು, ಮೇಣ, ಕಾಂಕ್ರೀಟು ಬೇಕು. ತಾನು ಹೊಕ್ಕ ವಸ್ತುವನ್ನೇ ವಿಕಿರಣಶೀಲವಾಗಿಸುವ ಗುಣ ಈ ನಾಲ್ಕರಲ್ಲಿ ನ್ಯೂಟ್ರಾನಿಗೇ ವಿಶೇಷ. ಸಾಮಾನ್ಯ ಕೋಬಾಲ್ಟ್ ಲೋಹವನ್ನು ಸ್ಥಾವರದೊಳಗಿಟ್ಟರೆ, ಒಂದು ನ್ಯೂಟ್ರಾನನ್ನು ನುಂಗಿ ಅದು ಕೋಬಾಲ್ಟ್-60 ಆಗುತ್ತದೆ. ನಮ್ಮ ದೇಶದಲ್ಲಿ ರಾಜಸ್ಥಾನದ ರಾವತ್‌ಭಾಟಾದ ಸ್ಥಾವರದಲ್ಲಿ ಅದನ್ನು ಹೀಗೆಯೇ ಸಿದ್ಧಪಡಿಸಿದ್ದಾರೆ. ಊರಿಗೆ ಊರೇ ಹೆದರುವ ಒಲೆಯಲ್ಲಿ ಬೆಂದ ಔಷಧವೇ ಆಸ್ಪತ್ರೆಯ ಯಂತ್ರದಲ್ಲಿರುವುದು.

ಹೀಗೆಂದ ಮಾತ್ರಕ್ಕೆ ಕೈಗಾವನ್ನು ವಿರೋಧಿಸಿದವರೆಲ್ಲ ಅಜ್ಞಾನಿಗಳೆಂದು ನಾನು ಹೇಳುತ್ತಿಲ್ಲ. ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಕನ್ನಡಕ್ಕೆ ಕೊಟ್ಟ ಶಿವರಾಮ ಕಾರಂತರೇ ಆ ವಿರೋಧದ ಮುಂಚೂಣಿಯಲ್ಲಿದ್ದರು. ಆ ಕಾರಣಕ್ಕಾಗಿಯೇ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗವೇ ಕುಸಿದುಬಿದ್ದಾಗ ಅವರ ಆತಂಕ ಬರಿಯ ಕಲ್ಪನೆಯಲ್ಲವೆಂದು ಅನೇಕರಿಗೆ ತೋರಿತು. ಇತ್ತ 2018ರಲ್ಲಿ ಅಲ್ಲಿನ ಒಂದನೆಯ ಘಟಕ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿದ್ದೂ ನಿಜ. ಸ್ಥಾವರ ಬೇಕೋ ಬೇಡವೋ ಎಂಬ ವಾದ ನಡೆಯಲಿ, ತಿಳಿದು ನಡೆಯಲಿ. ಕಾರಂತರ 'ಬೇಡ' ಎಂಬುದಕ್ಕೆ ತೂಕವಿದ್ದುದು ಅದರ ಹಿಂದೆ ಅಷ್ಟು ಓದಿದ್ದುದರಿಂದ. ನಮ್ಮ ಮನೆಯ 'ಬೇಡ'ಕ್ಕೆ ಅಂಥ ಹಿನ್ನೆಲೆ ಏನಿತ್ತು?

ಈಗ ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಆಕೆಗೆ ತಗುಲಿಸಿದ್ದು ಗಾಮಾ. ಮೂಲ ಇದ್ದದ್ದು ಯಂತ್ರದೊಳಗೆ. ಅದರ ಕದ ತೆರೆದಾಗ ಕಿರಣ ಬಂತು, ಮುಚ್ಚಿದಾಗ ನಿಂತಿತು. ದೀಪ ಆರಿಸಿದ ಮೇಲೆ ಗೋಡೆ ಬೆಳಗುತ್ತಿರುವುದಿಲ್ಲ. ಕೋಬಾಲ್ಟಿನ ಗಾಮಾ ಮೈಯನ್ನು ವಿಕಿರಣಶೀಲವಾಗಿಸಲಾರದು. ಆ ಗುಣ ನ್ಯೂಟ್ರಾನಿನದೆಂದು ಆಗಲೇ ಹೇಳಿದೆನಷ್ಟೆ. ಪಕ್ಕದ ಊರಿನಾಕೆಯ ಸಂಗತಿ ಬೇರೆ. ಆಕೆ ಕುಡಿದದ್ದು ಅಯೋಡಿನ್-131. ಬೀಟಾ, ಗಾಮಾ ಎರಡನ್ನೂ ಸೂಸುವ ಆ ವಸ್ತು ಮೈಯೊಳಗೇ ಇತ್ತು. ಬೀಟಾ ಗ್ರಂಥಿಯ ರೋಗವನ್ನು ಸುಟ್ಟಿತು, ಗಾಮಾ ಮೈಯಿಂದ ಹೊರಕ್ಕೂ ಬರುತ್ತಿತ್ತು. ಎಂಟು ದಿನಗಳ ಅರ್ಧಾಯುವಿನ ಅದು ಕಡಮೆಯಾಗುವವರೆಗೆ ಮಕ್ಕಳಿಂದ ದೂರವಿರೆಂದದ್ದು ಸರಿಯಾದ ಮಾತು. ಗಾಮಾದಿಂದ ತಪ್ಪಿಸಿಕೊಳ್ಳುವ ಉಪಾಯಗಳು ಮೂರೇ: ಕಾಲ, ದೂರ, ಮರೆ. ಮೂಲದ ಬಳಿ ಕಡಮೆ ಹೊತ್ತು ಇರುವುದು. ದೂರ ನಿಲ್ಲುವುದು, ದೂರ ಇಮ್ಮಡಿಯಾದರೆ ಕಿರಣ ಕಾಲುಭಾಗವಾಗುತ್ತದೆ. ನಡುವೆ ದಪ್ಪನೆಯದೇನಾದರೂ ಇರುವುದು. ಆಕೆ ದೂರವನ್ನು ಪಾಲಿಸಿದ್ದು ವಿವೇಕ. ಅದೇ ಮಾತನ್ನು ಚಿಕ್ಕಮ್ಮನಿಗೆ ಹಚ್ಚಿದ ನಾವು ಮೈಲಿಗೆಯನ್ನು ಪಾಲಿಸಿದೆವು, ಅಷ್ಟೆ. ನಿಜ ನೋಡಿದರೆ ನಮ್ಮೆಲ್ಲರ ಮೈಯಲ್ಲೂ ಪೊಟ್ಯಾಸಿಯಂ-40ರ ನಾಲ್ಕು ಸಾವಿರದಷ್ಟು ಪರಮಾಣುಗಳು ಪ್ರತಿ ಸೆಕೆಂಡಿಗೂ ಕ್ಷಯಿಸುತ್ತಿರುತ್ತವೆ. ಆ ಲೆಕ್ಕದಲ್ಲಿ ಹೊಸ್ತಿಲಿನ ಒಳಗಿದ್ದವಳಿಗೂ ಹೊರಗೆ ನಿಂತ ನಮಗೂ ಭೇದವಿರಲಿಲ್ಲ.

ಬಳ್ಳಿಗಾವೆಯ ಅಲ್ಲಮನ ಸೀಮೆ ಇದು. ಕಣ್ಣಿಗೆ ಕಾಣದುದನ್ನು ಮಾತಿಗೆ ತರುವ ಕಷ್ಟ ಈ ನೆಲಕ್ಕೆ ಹೊಸದಲ್ಲ. ಸಾಹಿತ್ಯವನ್ನು ಪಾಠ ಹೇಳುವ ನಾವು ಒಂದು ಪದಕ್ಕೂ ಮತ್ತೊಂದಕ್ಕೂ ನಡುವಣ ಕೂದಲೆಳೆಯ ಅಂತರವನ್ನು ಗಂಟೆಗಟ್ಟಲೆ ವಿವರಿಸುತ್ತೇವೆ. ಮನೆಯ ಹೊಸ್ತಿಲಿನ ಮೇಲೆ ನಿಂತ ಪದವನ್ನು ಬಿಡಿಸಿ ನೋಡುವ ವ್ಯವಧಾನ ಮಾತ್ರ ನಮಗಿರುವುದಿಲ್ಲ.

ಆ ದೀಪಾವಳಿಗೆ ಊರಿಗೆ ಹೋದವನು ಚಿಕ್ಕಮ್ಮನ ಬಳಿ ಕುಳಿತು, ತಿಳಿದಷ್ಟನ್ನು ತಿಳಿದಂತೆ ಹೇಳಿದೆ. ಯಂತ್ರ, ಕದ, ದೀಪ, ಗೋಡೆ ಎಲ್ಲವನ್ನೂ ಹೇಳಿ, ಮಗಳನ್ನು ಎತ್ತಿ ಅವಳ ಮಡಿಲಲ್ಲಿ ಕೂರಿಸಿದೆ. ಮಗು ಅವಳ ಕೆನ್ನೆಯ ಕಪ್ಪಾದ ಚರ್ಮವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ಹಂಗಾರೆ ತಮ್ಮ, ಮಗೀನ ನಾನು ಆವತ್ತೇ ಎತ್ಕಬಹುದಿತ್ತೇನೋ?"

ಎತ್ತಿಕೊಳ್ಳಬಹುದಾಗಿತ್ತು.